ಗಿರಣಿ ಹೋದ ಮೇಲೆ ದಾವಣಗೆರೆ ಎಲ್ಲಿ ಉಣ್ಣುತ್ತಿದೆ?

ಹಿರಿಯರೆ, ಗೆಳೆಯರೆ, ಎಲ್ಲರಿಗೂ ನಮಸ್ಕಾರ.

ದಾವಣಗೆರೆ ಅಂದ ಕೂಡಲೇ ಹೊರಗಿನವರು ಬೆಣ್ಣೆ ದೋಸೆ ಅಂತಾರೆ. ಅದು ನಮಗೆ ಹೆಮ್ಮೆಯೇ. ಆದ್ರೆ ಇವತ್ತು ನಾನು ರುಚಿಯ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಈ ಊರಲ್ಲಿ ಯಾರು, ಯಾವ ಹೊತ್ತಿಗೆ, ಯಾವ ಬೀದಿಯಲ್ಲಿ ಕೂತು ತಿನ್ನುತ್ತಿದ್ದರು, ಈಗ ಎಲ್ಲಿ ತಿನ್ನುತ್ತಾರೆ ಅನ್ನುವುದನ್ನು ಹೇಳಬೇಕು ಅಂತ ಬಂದಿದ್ದೇನೆ. ಹೋಟೆಲ್ಲು ಸುಮ್ನೆ ಹುಟ್ಟುವುದಿಲ್ಲ. ದುಡಿಮೆ ಎಲ್ಲಿದೆಯೋ ಅಲ್ಲಿ ಹುಟ್ಟುತ್ತದೆ. ದುಡಿಮೆ ಜಾಗ ಬದಲಾಯಿಸಿದರೆ ಅದೂ ಎದ್ದು ಹೋಗುತ್ತದೆ. ನಮ್ಮ ಊರಿನ ಮಟ್ಟಿಗೆ ಇದು ಕಣ್ಣೆದುರೇ ನಡೆದಿದೆ.

ಮೊದಲು ಊರು ಎಲ್ಲಿದೆ ನೋಡಿ. ಉತ್ತರಕ್ಕೂ ಪೂರ್ವಕ್ಕೂ ಹರಪನಹಳ್ಳಿ, ಜಗಳೂರು ಕಡೆಯ ಒಣ ಭೂಮಿ, ಜೋಳದ ಸೀಮೆ. ದಕ್ಷಿಣಕ್ಕೂ ಪಶ್ಚಿಮಕ್ಕೂ ಭದ್ರಾ ನಾಲೆಯ ನೀರು, ಭತ್ತದ ಗದ್ದೆ. ನಡುವೆ ರೈಲು ಹಳಿ, ಪಿ.ಬಿ. ರೋಡು ಅಂದ್ರೆ ಪುಣೆ-ಬೆಂಗಳೂರು ರಸ್ತೆ. ಅದಕ್ಕೇ ನಮ್ಮ ತಟ್ಟೆಯಲ್ಲಿ ಜೋಳದ ರೊಟ್ಟಿಯೂ ಇದೆ, ಅನ್ನ ಸಾರೂ ಇದೆ. ಹುಬ್ಬಳ್ಳಿಯವರ ಹಾಗೆ ಮಿರ್ಚಿ ತಿನ್ನುತ್ತೇವೆ, ಮೈಸೂರು ಕಡೆಯವರ ಹಾಗೆ ಬೆಳಿಗ್ಗೆ ಇಡ್ಲಿ ಹುಡುಕುತ್ತೇವೆ. ಎರಡು ಸೀಮೆಯ ಜನ ಸಂತೆಗೆ ಬಂದು, ವ್ಯಾಪಾರಕ್ಕೆ ಬಂದು, ಕೆಲಸಕ್ಕೆ ಬಂದು ಇಲ್ಲೇ ನಿಂತರು. 2011ರ ಜನಗಣತಿ ಹೊತ್ತಿಗೆ ಊರಿನ ಜನ ಸುಮಾರು 4.35 ಲಕ್ಷ.

ಹತ್ತಿ ಈ ಊರನ್ನು ಬೆಳೆಸಿತು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂದದ್ದು ಅದರಿಂದಲೇ. ದಾವಣಗೆರೆ ಕಾಟನ್ ಮಿಲ್ಸ್ ಇತ್ತು, ಚಂದ್ರೋದಯ, ಶಂಕರ, ಗಣೇಶ ಹೀಗೆ ಒಂದರ ಪಕ್ಕ ಒಂದು ಗಿರಣಿಗಳು ಎದ್ದವು. ಸಾವಿರಾರು ಜನ ಪಾಳಿ ಮೇಲೆ ದುಡಿಯುತ್ತಿದ್ದರು. ಪಾಳಿ ಕೆಲಸ ಅಂದ್ರೆ ಏನು ಗೊತ್ತಲ್ವಾ? ರಾತ್ರಿ ಪಾಳಿ ಮುಗಿಸಿದವನಿಗೆ ಬೆಳಗಿನ ಜಾವ ಹೊಟ್ಟೆಗೆ ಬಿಸಿಯಾಗಿ ಏನಾದರೂ ಬೇಕು. ಹೊಸ ಪಾಳಿಗೆ ಹೋಗುವವನಿಗೂ ಅದೇ ಹೊತ್ತಿಗೆ ಬೇಕು. ಇಬ್ಬರಿಗೂ ಬೇಗ ಬೇಕು, ಅಗ್ಗವಾಗಿ ಬೇಕು, ಮಧ್ಯಾಹ್ನದವರೆಗೆ ಹಸಿವು ತಡೆಯಬೇಕು. ನಮ್ಮ ದೋಸೆ ಹೋಟೆಲ್ಲುಗಳು, ಮಂಡಕ್ಕಿ ಅಂಗಡಿಗಳು, ಖಾನಾವಳಿಗಳು ಈ ಮೂರು ಬೇಕುಗಳಿಗೆ ಉತ್ತರವಾಗಿಯೇ ಬೆಳೆದವು ಅಂತ ನಾನು ನಂಬಿದ್ದೇನೆ.

ಬೆಣ್ಣೆ ದೋಸೆಯ ಹುಟ್ಟಿನ ಕತೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಊರಲ್ಲಿ ಎಲ್ಲರೂ ಹೇಳುವ ಪ್ರಕಾರ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನುವ ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ನಾಟಕ ಥಿಯೇಟರ್ ಹತ್ತಿರ ಕೂತು ರಾಗಿ ದೋಸೆ ಹುಯ್ದು ಮಾರಿದರು. ಮುಂದೆ ಮಕ್ಕಳು ಅಕ್ಕಿ, ಉದ್ದಿನಬೇಳೆಗೆ ಮಂಡಕ್ಕಿ ಸೇರಿಸಿ ರುಬ್ಬಿ, ಮೇಲೆ ಬೆಣ್ಣೆ ಹಾಕುವುದನ್ನು ಶುರು ಮಾಡಿದರು. ಈ ಕತೆಯಲ್ಲಿ ನನಗೆ ಮುಖ್ಯ ಅನಿಸುವುದು ಜಾಗ. ಬಾಡಿಗೆ ಕಟ್ಟಿ ಮಳಿಗೆ ಹಿಡಿದು ಶುರುವಾದ ವ್ಯಾಪಾರ ಅಲ್ಲ ಇದು. ಜನ ಸೇರುವ ಕಡೆ, ರಸ್ತೆ ಪಕ್ಕ, ಒಲೆ ಹೂಡಿ ಕೂತು ಶುರುವಾದದ್ದು. ಇವತ್ತು ಇಡೀ ರಾಜ್ಯದಲ್ಲಿ, ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ ನಮ್ಮ ಊರಿನ ಹೆಸರು ಬೋರ್ಡಿನ ಮೇಲೆ ಹತ್ತಿದೆ. ಅದರ ಬೇರು ಬೀದಿ ಬದಿಯ ಒಬ್ಬ ಹೆಣ್ಣುಮಗಳ ಒಲೆಯಲ್ಲಿದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೆಯ ದೋಸೆ ಹೋಟೆಲ್ಲಿನ ಒಲೆ ಮುಂದೆ ಒಂದಿಷ್ಟು ಹೊತ್ತು ನಿಂತು ನೋಡಿ. ಕಟ್ಟಿಗೆ ಒಲೆ, ಮೇಲೆ ದಪ್ಪನೆಯ ಕಬ್ಬಿಣದ ಹಂಚು. ಉರಿ ಹೆಚ್ಚಾಯಿತು ಅನ್ನಿಸಿದರೆ ಭಟ್ಟರು ಕೊಳ್ಳಿಯನ್ನು ಒಂದು ಗೇಣು ಹಿಂದಕ್ಕೆ ಎಳೆಯುತ್ತಾರೆ. ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಒಂದು ಸಲ ಗುಡಿಸಿ, ಸಾಲಾಗಿ ಹಿಟ್ಟು ಬಿಡುತ್ತಾರೆ. ಅಂಗೈಗಿಂತ ತುಸು ದೊಡ್ಡದು, ಅಷ್ಟೇ. ಮಂಡಕ್ಕಿ ಸೇರಿದ ಹಿಟ್ಟು, ಅದಕ್ಕೇ ಮೇಲೆ ಗರಿ, ಒಳಗೆ ಮೆತ್ತಗೆ. ಬೆಣ್ಣೆ ಬಿದ್ದ ಕೂಡಲೇ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ. ಬೆಣ್ಣೆ ಬೇಡದವರಿಗೆ ಖಾಲಿ, ಮೇಲೆ ಪಲ್ಯ ಹರಡಿದ್ದು ಬೇಕಾದವರಿಗೆ ಓಪನ್. "ಅಣ್ಣಾ, ಇನ್ನೊಂದು ಖಾಲಿ ಕೊಡ್ರಿ" ಅಂದರೆ ಮುಗೀತು, ಮೆನು ಕಾರ್ಡಿನ ಮಾತೇ ಇಲ್ಲ. ಗುರುತಿಲ್ಲದವರೂ ಒಂದೇ ಬೆಂಚಿನ ಮೇಲೆ ಮೊಣಕೈ ತಾಗಿಸಿಕೊಂಡು ಕೂರುತ್ತಾರೆ.

ಈ ದೋಸೆ ಪಾರ್ಸೆಲ್‌ಗೆ ಒಗ್ಗುವುದಿಲ್ಲ. ಕಟ್ಟಿದ ಹತ್ತು ನಿಮಿಷಕ್ಕೆ ಹಬೆ ಕೂತು ಮೆತ್ತಗಾಗುತ್ತದೆ. ಮೊಬೈಲಲ್ಲಿ ಆರ್ಡರ್ ಮಾಡಿ ತರಿಸುವವರು ಜಾಸ್ತಿಯಾದಷ್ಟೂ ಇಂಥ ಹೋಟೆಲ್ಲಿಗೆ ಕಷ್ಟ. ಅದರ ಜೀವ ಇರುವುದೇ ಒಲೆ ಪಕ್ಕ ಕೂತು ತಿನ್ನುವುದರಲ್ಲಿ. ಬೆಣ್ಣೆಯ ವಿಷಯವೂ ಹಾಗೇ. ಮೊದಲು ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲಿ ಕಡೆದ ಬೆಣ್ಣೆ ಪೇಟೆಗೆ ಬರುತ್ತಿತ್ತು. ಹಾಲು ನೇರ ಡೈರಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕಡೆಯುವುದು ಕಮ್ಮಿಯಾಯಿತು. ಹಳ್ಳಿಯವರಿಗೆ ಅದರಿಂದ ಒಳ್ಳೆಯದೇ ಆಗಿದೆ, ಕೈಗೆ ಗೊತ್ತಾದ ದಿನಕ್ಕೆ ದುಡ್ಡು ಬರುತ್ತದೆ. ಆದ್ರೆ ಹೋಟೆಲ್ಲಿನವರು ಒಳ್ಳೆ ಬೆಣ್ಣೆ ಹುಡುಕಿಕೊಂಡು ಅಲೆಯಬೇಕಾಗಿದೆ.

ಇನ್ನು ಮಂಡಕ್ಕಿ. ನಾಲೆಯ ಭತ್ತ ಇಲ್ಲದಿದ್ದರೆ ನಮ್ಮ ಮಂಡಕ್ಕಿ ಇಷ್ಟು ಬೆಳೆಯುತ್ತಿರಲಿಲ್ಲ. ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹೋದವರಿಗೆ ಗೊತ್ತು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ನೀರು ಹಾಕಿ, ಕಾದ ಮರಳಲ್ಲಿ ಹುರಿಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕಿ ಅರಳುತ್ತದೆ. ಆದ್ರೆ ಅಲ್ಲಿ ನಿಲ್ಲುವವರ ಪಾಡು? ಸೆಕೆ, ಹೊಗೆ, ಬೂದಿ. ಅಲ್ಲಿ ದುಡಿಯುವುದು ಹೆಚ್ಚಾಗಿ ಬಡ ಮುಸ್ಲಿಂ ಕುಟುಂಬಗಳು, ಮನೆಯೂ ಭಟ್ಟಿಯೂ ಒಂದೇ ಗೋಡೆಗೆ ಅಂಟಿಕೊಂಡಿವೆ. ಸಂಜೆ ನಾವು ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ನಿಂತು ಪುಟಾಣಿ ಪುಡಿ ಬಿದ್ದ ನರ್ಗಿಸ್ ಮಂಡಕ್ಕಿಯನ್ನು ಬಿಸಿ ಮೆಣಸಿನಕಾಯಿ ಬಜ್ಜಿ ಜೊತೆ ತಿನ್ನುವಾಗ ಆ ಹೊಗೆ ನಮಗೆ ಕಾಣುವುದಿಲ್ಲ. ಮಂಡಕ್ಕಿಯನ್ನು ಊರಿನ ಹೆಮ್ಮೆ ಅಂತ ಭಾಷಣದಲ್ಲಿ ಹೇಳುವವರು ಮೊದಲು ಅಲ್ಲಿಗೆ ಒಳ್ಳೆ ಒಲೆ, ಎತ್ತರದ ಹೊಗೆ ಕೊಳವೆ, ಕುಡಿಯುವ ನೀರು ತರಬೇಕು. ಭಟ್ಟಿಯನ್ನು ಊರಾಚೆ ಎತ್ತಿ ಹಾಕುವುದು ಸುಲಭದ ದಾರಿ. ಹಾಗೆ ಮಾಡಿದರೆ ಅವರ ಮಕ್ಕಳ ಶಾಲೆ, ಅವರ ಗಿರಾಕಿ ಎರಡೂ ದೂರವಾಗುತ್ತವೆ.

ಗಿರಣಿ ಊರಲ್ಲಿ ಹೋಟೆಲ್ಲು ಬರೀ ಹೊಟ್ಟೆ ತುಂಬಿಸುವ ಜಾಗ ಆಗಿರಲಿಲ್ಲ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು 1978, 1983, 1985 ಹೀಗೆ ಮೂರು ಸಲ ವಿಧಾನಸಭೆಗೆ ಕಳಿಸಿತು. ಆ ಗೆಲುವಿನ ಮಾತುಕತೆ ಎಲ್ಲಾ ನಡೆದದ್ದು ಸಭಾಭವನದಲ್ಲಲ್ಲ. ಗಿರಣಿ ಗೇಟಿನ ಎದುರಿನ ಚಹಾದಂಗಡಿಯಲ್ಲಿ, ಅರ್ಧ ಕಪ್ ಚಹಾ ಹಂಚಿಕೊಂಡು ಕೂತವರ ನಡುವೆ ನಡೆದದ್ದು. ಸಂಬಳ ಬರುವವರೆಗೆ ಸಾಲ ಬರೆದುಕೊಳ್ಳುವ ಪುಸ್ತಕ ಅಲ್ಲೇ ಇರುತ್ತಿತ್ತು. ಕೆಲಸ ಖಾಲಿ ಇರುವ ಸುದ್ದಿ ಅಲ್ಲೇ ಸಿಗುತ್ತಿತ್ತು.

ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕೂಡ ನಿಂತುಹೋಯಿತು. ಹೊಲದಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂತು. ಊರು ಸಾಯಲಿಲ್ಲ, ಬೇರೆ ದಾರಿ ಹಿಡಿಯಿತು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲೇ ಶುರುವಾಗಿತ್ತು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಿದ್ದವು. 1997ರಲ್ಲಿ ಜಿಲ್ಲೆಯಾಯಿತು, ಸರ್ಕಾರಿ ಕಚೇರಿಗಳು ಬಂದವು. 2009ರಲ್ಲಿ ವಿಶ್ವವಿದ್ಯಾಲಯ ಆಯಿತು. ಪಾಳಿ ಮೇಲೆ ದುಡಿಯುವವರ ಊರು ಹಾಸ್ಟೆಲ್ಲಿನ, ಆಸ್ಪತ್ರೆಯ, ಕೋಚಿಂಗ್ ಕ್ಲಾಸಿನ ಊರಾಯಿತು.

ಊಟದ ನಕ್ಷೆಯೂ ಅದರ ಹಿಂದೆಯೇ ಸರಿಯಿತು. ಮಂಡಿಪೇಟೆ, ಚೌಕಿಪೇಟೆಯಿಂದ ಪಿ.ಜೆ. ಬಡಾವಣೆಗೆ, ಎಂ.ಸಿ.ಸಿ. ಬ್ಲಾಕುಗಳಿಗೆ, ಹದಡಿ ರಸ್ತೆಗೆ, ವಿದ್ಯಾನಗರಕ್ಕೆ. ವಾಸದ ಮನೆಗಳ ಕೆಳಮಹಡಿ ಕೆಫೆಗಳಾದವು. ದೂರದ ರಾಜ್ಯಗಳಿಂದ ಓದಲು ಬಂದ ಮಕ್ಕಳಿಗೆ ಪರಾಠ, ಮೋಮೋ, ಫ್ರೈಡ್ ರೈಸ್ ಬೇಕಾಯಿತು. ಇದನ್ನು ನಾನು ದೂರುವುದಿಲ್ಲ. ಚೆನ್ನಮ್ಮನೂ ಹೊರಗಿನಿಂದ ಬಂದು ಹೊಸ ತಿಂಡಿ ಕೊಟ್ಟವರೇ ಅಲ್ವಾ? ಇನ್ನು ಐವತ್ತು ವರ್ಷಕ್ಕೆ ಮೋಮೋ ಕೂಡ ದಾವಣಗೆರೆಯ ತಿಂಡಿ ಅನಿಸಬಹುದು. ಇಲ್ಲಿ ನನ್ನ ಚಿಂತೆ ಬೇರೆ. ಹೊಸ ಜಾಗಗಳಲ್ಲಿ ಹಮಾಲಿ ಮಾಡುವವರು, ಗಾರೆ ಕೆಲಸದವರು, ಆಸ್ಪತ್ರೆಗೆ ರೋಗಿಯನ್ನು ಕರೆತಂದ ಹಳ್ಳಿಯವರು ಕೂರುವ ಹಾಗಿಲ್ಲ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ ನಿಜ. ಬೆಲೆಯೇ ತಡೆಯುತ್ತದೆ.

ಈ ಜನಕ್ಕೆಲ್ಲ ಆಸರೆಯಾಗಿದ್ದದ್ದು ಖಾನಾವಳಿ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ದೋಸೆಗೆ ಸಿಕ್ಕಷ್ಟು ಹೆಸರು ಅದಕ್ಕೆ ಸಿಗಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೆಂತ್ಯ ಸೊಪ್ಪು, ಮೊಸರು, ಕೊನೆಗೆ ಅನ್ನ ಸಾರು. ತಿಂಗಳ ಲೆಕ್ಕಕ್ಕೆ ಪಾಸು ಮಾಡಿಸಿದರೆ ಮನೆಯಿಲ್ಲದ ಗುಮಾಸ್ತ, ಓದುವ ಹುಡುಗ, ಸಂತೆ ವ್ಯಾಪಾರಿ ಎಲ್ಲರಿಗೂ ಎರಡು ಹೊತ್ತಿನ ಊಟ ಖಾತ್ರಿ. ಎಷ್ಟೋ ಖಾನಾವಳಿಗಳು ಮನೆಯ ಮುಂದಿನ ಪಡಸಾಲೆಯಲ್ಲೇ ನಡೆದವು, ನಡೆಸಿದವರು ಮನೆಯ ಹೆಣ್ಣುಮಕ್ಕಳು. ಈಗ ಅಲ್ಲಿ ದೊಡ್ಡ ಕೊರತೆ ರೊಟ್ಟಿ ಬಡಿಯುವ ಕೈಗಳದ್ದು. ಬೆಳಗಿನಿಂದ ಒಲೆ ಮುಂದೆ ಕೂತು ನೂರಾರು ರೊಟ್ಟಿ ಬಡಿಯುವ ಕೆಲಸ ತೋಳು, ಸೊಂಟ, ಕಣ್ಣು ಎಲ್ಲವನ್ನೂ ತಿನ್ನುತ್ತದೆ. ಅವರ ಮಗಳು ಓದಿ ಬೇರೆ ಕೆಲಸ ಹಿಡಿದರೆ ಅದು ಸಂತೋಷದ ವಿಷಯ. ಹಾಗಾಗಿ "ಆ ಕಾಲದ ರೊಟ್ಟಿ ಈಗಿಲ್ಲ" ಅಂತ ಕೊರಗುವ ಮೊದಲು, ರೊಟ್ಟಿ ಬಡಿಯುವವರಿಗೆ ನಾವು ಎಷ್ಟು ಕೂಲಿ ಕೊಟ್ಟೆವು ಅಂತ ಕೇಳಿಕೊಳ್ಳಬೇಕು. ಊಟದ ಬೆಲೆ ಹತ್ತು ರೂಪಾಯಿ ಏರಿದರೆ ಜಗಳ ಆಡುವವರೇ ಬೇರೆ ಕಡೆ ಕಾಫಿಗೆ ನೂರೈವತ್ತು ಕೊಟ್ಟು ಬರುತ್ತಾರೆ.

ಈಗ ರಸ್ತೆಗೆ ಬರೋಣ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿ ಬಂತು. ರಾಜ್ಯದಿಂದ ಬೆಳಗಾವಿ ಮತ್ತು ನಾವು ಅದರಲ್ಲಿದ್ದೆವು. ರಸ್ತೆ ಅಗೆದರು, ಚರಂಡಿ ಮಾಡಿದರು, ಫುಟ್‌ಪಾತ್ ಕಟ್ಟಿದರು. ಒಳ್ಳೆ ರಸ್ತೆ ಎಲ್ಲರಿಗೂ ಬೇಕು, ನನಗೂ ಬೇಕು. ಆದ್ರೆ ರಸ್ತೆ ಅಗೆದಷ್ಟು ತಿಂಗಳೂ ಆ ಬದಿಯ ಗಾಡಿ ಹೋಟೆಲ್ಲಿಗೆ ಗಿರಾಕಿ ಇಲ್ಲ. ಅಂಗಡಿ ಇದ್ದವರು ಹೇಗೋ ತಡೆದುಕೊಳ್ಳುತ್ತಾರೆ. ದಿನದ ದುಡಿಮೆಯಲ್ಲಿ ಮಾರನೇ ದಿನದ ಎಣ್ಣೆ, ಕಡ್ಲೆ ಹಿಟ್ಟು ತರುವವರು ಹೇಗೆ ತಡೆದುಕೊಳ್ಳಬೇಕು? ಕೆಲಸ ಮುಗಿದ ಮೇಲೆ ವಾಪಸ್ ಬಂದರೆ ಹಳೆಯ ಜಾಗದಲ್ಲಿ ಕಬ್ಬಿಣದ ಕಂಬಿಯೋ ಬೈಕ್ ಸ್ಟ್ಯಾಂಡೋ ಇರುತ್ತದೆ. ಫುಟ್‌ಪಾತ್ ನಡೆಯುವವರದ್ದು, ಒಪ್ಪುತ್ತೇನೆ. ಹಾಗಿದ್ದ ಮೇಲೆ ಅದರ ಮೇಲೆ ನಿಂತಿರುವ ಬೈಕುಗಳನ್ನೂ ತೆಗೆಸಬೇಕಲ್ಲ? ಗಾಡಿ ಮಾತ್ರ ಯಾಕೆ ಕಣ್ಣಿಗೆ ಬೀಳುತ್ತದೆ?

ಕಾನೂನು ಗಾಡಿಯವರ ಪರ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಅವರಿಗೆ ಪ್ರಮಾಣಪತ್ರ ಕೊಡಬೇಕು. ಎಬ್ಬಿಸುವುದಿದ್ದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ಕೊರೊನಾ ವರ್ಷ, 2020ರಲ್ಲಿ, ಕೇಂದ್ರದ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿಗೆ 10,000 ರೂಪಾಯಿ ಸಾಲ ಅಂತ ಶುರುವಾಯಿತು. ಅದಕ್ಕೂ ಗುರುತಿನ ದಾಖಲೆ ಬೇಕು. ಸಾಲ ಕೊಡುವ ಕೈಯೇ ಜಾಗ ಕಿತ್ತುಕೊಂಡರೆ ಆ ಸಾಲ ತೀರುವುದು ಹೇಗೆ?

ಇಂದಿರಾ ಕ್ಯಾಂಟೀನ್ ಬಂದದ್ದು ನಿಜಕ್ಕೂ ದೊಡ್ಡ ಉಪಕಾರ. ಶುರುವಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಅಂತ ಬೆಲೆ ಇಟ್ಟರು. ಆದ್ರೆ ಅದು ಊರಿನ ನಾಲ್ಕು ಮೂಲೆಯಲ್ಲಿ ಇರುತ್ತದೆ, ಹೊತ್ತು ಗೊತ್ತು ಮಾಡಿಕೊಂಡು ತೆರೆಯುತ್ತದೆ. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಬೆಳಗಿನ ಜಾವ ಲಾರಿ ಇಳಿಸುವವರಿಗೆ, ಆಸ್ಪತ್ರೆ ಮುಂದೆ ರಾತ್ರಿ ಕಾಯುವವರಿಗೆ ಗಾಡಿಯೇ ಗತಿ.

ಇಲ್ಲಿ ಕಾಲೇಜಿನ ಮಕ್ಕಳು ತುಂಬಾ ಜನ ಇದ್ದೀರಿ, ನಿಮಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ವಾರ್ಡಿನಲ್ಲಿ ನೀವು ದಿನಾ ತಿನ್ನುವ ಗಾಡಿಯ ಅಣ್ಣನನ್ನೋ ಅಕ್ಕನನ್ನೋ ಕೇಳಿ: "ನಿಮ್ಮ ಹತ್ರ ಪಾಲಿಕೆಯ ಗುರುತಿನ ಚೀಟಿ ಇದೆಯಾ? ಸಮೀಕ್ಷೆಯಲ್ಲಿ ಹೆಸರು ಬರೆಸಿದ್ದೀರಾ?" ಇಲ್ಲ ಅಂದರೆ ಅರ್ಜಿ ಬರೆದುಕೊಡಿ, ಜೊತೆಗೆ ಹೋಗಿ ಸ್ವೀಕೃತಿ ಚೀಟಿ ಇಸ್ಕೊಂಡು ಬನ್ನಿ. ಖಾನಾವಳಿ ನಡೆಸುವವರು ಯಾರಾದರೂ ಈ ಸಭೆಯಲ್ಲಿದ್ದರೆ ದಯವಿಟ್ಟು ಮಾತಾಡಿ. ಕೂಲಿ, ಕಟ್ಟಿಗೆ, ಜೋಳದ ಬೆಲೆ ಎಷ್ಟಾಗಿದೆ, ಒಂದು ಊಟಕ್ಕೆ ಎಷ್ಟು ಉಳಿಯುತ್ತದೆ ಅಂತ ನಿಮ್ಮ ಬಾಯಿಂದಲೇ ಎಲ್ಲರೂ ಕೇಳಲಿ. ಮೈಕು ಆ ಕಡೆ ಕೊಡಿ.