ಸ್ಲೋ ಕುಕ್ಕರ್ ಗ್ರೇವಿಗೆ, ಸಿಗಡಿ ಕೊನೆಗೆ

ನಮಸ್ಕಾರ. ಇವತ್ತು ಸ್ಲೋ ಕುಕ್ಕರ್‌ನಲ್ಲಿ ಫ್ರೋಜನ್ ಸಿಗಡಿ ಮಾಡುವುದರ ಬಗ್ಗೆ ಮಾತಾಡೋಣ. ಸ್ಲೋ ಕುಕ್ಕರ್ ಅಂದರೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ಪ್ಯಾಕೆಟ್ ಕತ್ತರಿಸಿ, ಐಸ್ ಸಮೇತ ಪಾತ್ರೆಗೆ ಸುರಿಯಿರಿ. ಟೊಮೆಟೊ, ಬೆಳ್ಳುಳ್ಳಿ, ಬೆಣ್ಣೆ ಹಾಕಿ ಮುಚ್ಚಿ. ಬೆಳಿಗ್ಗೆ ಹೊರಟರೆ ಸಂಜೆ ಬಂದು ಊಟ ಮಾಡಬಹುದು. ಇಂಥ ರೆಸಿಪಿಗಳು ಎಲ್ಲೆಲ್ಲೂ ಓಡಾಡುತ್ತಿವೆ. ನಾನು ಇದನ್ನು ಒಪ್ಪುವುದಿಲ್ಲ. ಹೀಗೆ ಮಾಡಿದರೆ ರುಚಿಯೂ ಹಾಳು, ಹೊಟ್ಟೆಗೂ ಅಪಾಯ.

ಸ್ಲೋ ಕುಕ್ಕರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನನಗೆ ಅದು ಬಹಳ ಇಷ್ಟ. ಆದರೆ ಅದು ಯಾವುದಕ್ಕಾಗಿ ಹುಟ್ಟಿತು ನೋಡಿ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಅವರ ಕಂಪನಿ ಇದನ್ನು ಕಾಳು ಬೇಯಿಸುವ ಪಾತ್ರೆಯಾಗಿಯೇ ಮಾರಿತು. ರೈವಲ್ ಕಂಪನಿ ಅದನ್ನು ಕೊಂಡು, 1971ರಲ್ಲಿ ಕ್ರಾಕ್-ಪಾಟ್ ಅಂತ ಹೊರತಂದ ಮೇಲೆ ಮನೆಮನೆಗೂ ಹೋಯಿತು. ಗಂಟೆಗಟ್ಟಲೆ ಬೇಯಬೇಕಾದ ಗಟ್ಟಿ ಪದಾರ್ಥಗಳಿಗಾಗಿ ಬಂದ ಪಾತ್ರೆ ಇದು.

ಮಾಂಸದ ಗಟ್ಟಿ ತುಂಡುಗಳಿಗೆ ಇದು ಹೇಳಿ ಮಾಡಿಸಿದ್ದು. ಅವುಗಳಲ್ಲಿ ಕೊಲಾಜೆನ್ ಅನ್ನುವ ಗಟ್ಟಿ ನಾರಿನಂಥ ಪ್ರೋಟೀನ್ ಜಾಸ್ತಿ. ನಿಧಾನವಾದ ಶಾಖದಲ್ಲಿ ಅದು ಕರಗಿ ಜೆಲಾಟಿನ್ ಆಗುತ್ತದೆ, ಮಾಂಸ ಮೆತ್ತಗಾಗುತ್ತದೆ. ಸಿಗಡಿಯಲ್ಲಿ ಹಾಗೆ ಕಾದು ಕರಗಿಸಬೇಕಾದ ಕೊಲಾಜೆನ್ ಹೆಚ್ಚೇನೂ ಇಲ್ಲ. ಅದು ಮೊದಲೇ ಮೆತ್ತಗಿರುತ್ತದೆ. ಬಿಸಿ ತಗುಲಿದ ಕೆಲವೇ ನಿಮಿಷಕ್ಕೆ ಬೆಂದೂ ಬಿಡುತ್ತದೆ. ಅಲ್ಲಿಂದ ಮುಂದೆ ಕೊಟ್ಟ ಶಾಖವೆಲ್ಲ ನಷ್ಟವೇ. ಸ್ನಾಯುವಿನ ಎಳೆಗಳು ಬಿಗಿಯಾಗುತ್ತಾ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರನ್ನು ಹೊರಗೆ ತಳ್ಳುತ್ತವೆ. ಸಿಹಿ ರುಚಿ ಆ ನೀರಿನ ಜೊತೆಗೇ ಹೋಗುತ್ತದೆ. ಉಳಿಯುವುದು ಸುರುಟಿಕೊಂಡ, ಜಗಿದರೂ ಮುಗಿಯದ ತುಂಡು. ದುಡ್ಡು ಕೊಟ್ಟು ತಂದ ಒಳ್ಳೆ ಸಿಗಡಿಗೆ ಹೀಗಾಗಬಾರದು, ಅಲ್ವಾ?

ಇನ್ನು ಹೊಟ್ಟೆಯ ವಿಷಯ. ಇದು ರುಚಿಗಿಂತ ಮುಖ್ಯ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೇ ಎರಡರಷ್ಟಾಗುತ್ತವೆ. ಸ್ಲೋ ಕುಕ್ಕರ್ ಮೊದಲೇ ನಿಧಾನವಾಗಿ ಬಿಸಿಯಾಗುವ ಪಾತ್ರೆ. ಅದರೊಳಗೆ ಒಂದು ಕಿಲೋ ಐಸ್‌ಗಟ್ಟಿದ ಸಿಗಡಿ ಸುರಿದರೆ ಇನ್ನೂ ನಿಧಾನ. ಆ ಅಪಾಯದ ಹಂತ ದಾಟುವುದಕ್ಕೇ ಗಂಟೆಗಳು ಹಿಡಿಯಬಹುದು. "ಕೊನೆಗೆ ಕುದಿಯುತ್ತದಲ್ಲ, ಎಲ್ಲ ಸಾಯುತ್ತದೆ" ಅಂತ ಕೆಲವರು ಹೇಳುತ್ತಾರೆ. ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಸ್ಟ್ಯಾಫಿಲೋಕಾಕಸ್‌ನಂಥವು ಬಿಟ್ಟುಹೋದ ವಿಷ ಬೇಯಿಸಿದರೂ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಮಾಂಸ, ಕೋಳಿಯನ್ನು ಐಸ್ ಬಿಡಿಸಿಯೇ ಸ್ಲೋ ಕುಕ್ಕರ್‌ಗೆ ಹಾಕಿ ಅನ್ನುವುದು ಸುಮ್ನೆ ಅಲ್ಲ.

ಹಾಗಾದರೆ ಫ್ರೋಜನ್ ಸಿಗಡಿಯೇ ಬೇಡವೇ? ಖಂಡಿತ ಬೇಕು. ಹಿಡಿದ ಕೂಡಲೇ ಚೆನ್ನಾಗಿ ಫ್ರೀಜ್ ಮಾಡಿದ್ದು, ದಿನಗಟ್ಟಲೆ ಐಸ್ ಮೇಲೆ ಕೂತ ಸಿಗಡಿಗಿಂತ ಎಷ್ಟೋ ಮೇಲು. ಐಸ್ ಬಿಡಿಸುವುದೂ ಕಷ್ಟವಲ್ಲ. ಹಿಂದಿನ ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಡಿ, ಸಾಕು. ಮರೆತರೆ ಗಾಳಿ ಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಬಿಸಿ ನೀರು ಬೇಡ. ಅಡುಗೆಕಟ್ಟೆಯ ಮೇಲೆ ಹಾಗೇ ಬಿಡುವುದೂ ಬೇಡ.

ಆಮೇಲೆ ನೀರು ಬಸಿದು, ಒರೆಸಿ. ಇದನ್ನು ಬಿಡಬೇಡಿ. ಬಿಡಿಬಿಡಿಯಾಗಿ ಫ್ರೀಜ್ ಮಾಡಿದ ಸಿಗಡಿಯ ಮೇಲೆ ತೆಳುವಾಗಿ ಐಸ್ ಪದರ ಹಾಕಿರುತ್ತಾರೆ, ಒಣಗದಿರಲಿ ಅಂತ. ಆ ನೀರೆಲ್ಲ ಗ್ರೇವಿಗೆ ಸೇರಿದರೆ ಗ್ರೇವಿ ನೀರಾಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಆವಿ ಹೊರಗೆ ಹೋಗುವುದು ಬಹಳ ಕಡಿಮೆ. ತೆಳ್ಳಗಾದ ಗ್ರೇವಿ ತಾನಾಗಿ ಗಟ್ಟಿಯಾಗುವುದಿಲ್ಲ.

ಪ್ಯಾಕೆಟ್ ಓದಿ. ಬೂದು ಬಣ್ಣದ್ದು ಹಸಿ, ಗುಲಾಬಿ ಬಣ್ಣದ್ದು ಸಾಮಾನ್ಯವಾಗಿ ಬೇಯಿಸಿ ಫ್ರೀಜ್ ಮಾಡಿದ್ದು. ಬೇಯಿಸಿದ್ದಕ್ಕೆ ಬಿಸಿ ತಗುಲಿದರೆ ಸಾಕು. ನನ್ನ ಆಯ್ಕೆ ಯಾವಾಗಲೂ ಹಸಿಯದೇ, ಗ್ರೇವಿಗೆ ರುಚಿ ಬಿಡುವುದು ಅದು. ಮೇಲೆ 31/40 ಅಂತ ಬರೆದಿದ್ದರೆ ಒಂದು ಪೌಂಡ್‌ಗೆ, ಅಂದರೆ ಸುಮಾರು 450 ಗ್ರಾಂಗೆ, 31ರಿಂದ 40 ಸಿಗಡಿ ಅಂತ ಅರ್ಥ. ಅಂಕಿ ಚಿಕ್ಕದಾದಷ್ಟೂ ಸಿಗಡಿ ದೊಡ್ಡದು. ಸ್ಲೋ ಕುಕ್ಕರ್‌ಗೆ ದೊಡ್ಡದೇ ಒಳ್ಳೆಯದು. ಒಂದೆರಡು ನಿಮಿಷ ಹೆಚ್ಚುಕಮ್ಮಿ ಆದರೂ ತಡೆದುಕೊಳ್ಳುತ್ತದೆ.

ಈಗ ಅಡುಗೆ. ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ, ಖಾರ, ಬೇಕಾದರೆ ಆಲೂಗಡ್ಡೆ, ಇವೆಲ್ಲ ಬೆಳಿಗ್ಗೆಯೇ ಒಳಗೆ ಹೋಗಲಿ. ನಾಲ್ಕೈದು ಗಂಟೆ ಆರಾಮಾಗಿ ಬೇಯಲಿ. ಸ್ಲೋ ಕುಕ್ಕರ್‌ನ ನಿಜವಾದ ತಾಕತ್ತು ಇರುವುದು ಇಲ್ಲೇ. ಸಿಪ್ಪೆ ಸಹಿತ ಸಿಗಡಿ ತಂದಿದ್ದರೆ ಸಿಪ್ಪೆಯನ್ನು ಬಿಸಾಡಬೇಡಿ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಕೊನೆಯ ಒಂದು ಗಂಟೆ ಗ್ರೇವಿಯಲ್ಲಿ ಮುಳುಗಿಸಿ ತೆಗೆಯಿರಿ. ಸಿಗಡಿಯನ್ನೇ ಬೆಳಿಗ್ಗೆಯಿಂದ ಬೇಯಿಸಿದರೂ ಆ ಘಮ ಬರುವುದಿಲ್ಲ.

ಊಟಕ್ಕೆ ಇಪ್ಪತ್ತು ನಿಮಿಷ ಇರುವಾಗ ಉಪ್ಪು ನೋಡಿ. ಫ್ರೋಜನ್ ಸಿಗಡಿಗೆ ಕೆಲವೊಮ್ಮೆ ಮೊದಲೇ ಉಪ್ಪು ಸೇರಿಸಿರುತ್ತಾರೆ, ಹಾಗಾಗಿ ಕೈ ಹಿಡಿತದಲ್ಲಿರಲಿ. ಕುಕ್ಕರ್ 'ಹೈ'ನಲ್ಲಿರಲಿ, ಗ್ರೇವಿ ಹಬೆಯಾಡುವಷ್ಟು ಬಿಸಿ ಇರಲಿ. ಸಿಗಡಿ ಹಾಕಿ, ಒಮ್ಮೆ ಕೈಯಾಡಿಸಿ, ತಕ್ಷಣ ಮುಚ್ಚಿ. ಹತ್ತು ನಿಮಿಷ ಆದ ಮೇಲೆ ಒಂದು ಸಲ ನೋಡಿ. ನಡುನಡುವೆ ಮುಚ್ಚಳ ತೆಗೆಯುತ್ತಾ ಇದ್ದರೆ ಶಾಖ ಹೋಗಿ ಮತ್ತೆ ಕಾಯಬೇಕಾಗುತ್ತದೆ. ಗಾಜಿನಂತಿದ್ದ ಮಾಂಸ ಪೂರ್ತಿ ಬೆಳ್ಳಗಾಗಿ, ಹೊರಗೆ ಗುಲಾಬಿ ಬಣ್ಣ ಬಂದು, ಸಡಿಲವಾಗಿ ಬಾಗಿದ್ದರೆ ಆಯಿತು. ಥರ್ಮಾಮೀಟರ್ ಇದ್ದರೆ ಒಳಗೆ 63 ಡಿಗ್ರಿ ಬಂದಿರಬೇಕು. ಬಿಗಿಯಾಗಿ ಉಂಗುರವಾಗುವವರೆಗೆ ಬಿಡಬೇಡಿ. ಆದ ಕೂಡಲೇ ಸ್ವಿಚ್ ಆಫ್ ಮಾಡಿ ಬಡಿಸಿ. 'ವಾರ್ಮ್'ನಲ್ಲಿ ಇಟ್ಟರೂ ಅದು ಬೇಯುತ್ತಲೇ ಇರುತ್ತದೆ.

ಹೊತ್ತು ಇಲ್ಲದ ದಿನ ಒಂದು ಹಿಡಿ ಸಣ್ಣ ಸಿಗಡಿಯನ್ನು ಐಸ್ ಬಿಡಿಸದೆ ಹಾಗೇ ಕುದಿಯುವ ಗ್ರೇವಿಗೆ ಹಾಕಬೇಕಾಗಿ ಬಂದರೆ? ಸ್ಲೋ ಕುಕ್ಕರ್ ಬಿಡಿ. ಗ್ರೇವಿಯನ್ನು ಬಾಣಲೆಗೆ ಹಾಕಿ ಒಲೆಯ ಮೇಲೆ ಮಾಡಿ. ಐದಾರು ನಿಮಿಷದಲ್ಲಿ ಮುಗಿಯುತ್ತದೆ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಬಿಸಿ ಮಾಡುವಾಗ ಸಿಗಡಿಯನ್ನು ಎತ್ತಿಟ್ಟು, ಗ್ರೇವಿಯನ್ನು ಮಾತ್ರ ಒಲೆಯ ಮೇಲೆ ಚೆನ್ನಾಗಿ ಕುದಿಸಿ. ಆಮೇಲೆ ಸಿಗಡಿಯನ್ನು ಅದಕ್ಕೆ ಹಾಕಿ, ಹಬೆಯಾಡುವಷ್ಟು ಬಿಸಿಯಾದ ಕೂಡಲೇ ಇಳಿಸಿ.