ಅಕಾರಾದಿ ಇರುವುದು ಹುಡುಕಲಿಕ್ಕೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಕೋಣೆಗೆ ಹೋದರೆ, ಇಂಗ್ಲಿಷ್ ಪದಗಳನ್ನು ‘ಎ’ಯಿಂದ ‘ಝಡ್‌’ವರೆಗೆ ಜೋಡಿಸಿ ಪಕ್ಕದಲ್ಲಿ ಕನ್ನಡ ಅರ್ಥ ಕೊಟ್ಟಿರುವ ಪುಸ್ತಕವೊಂದು ಕಣ್ಣಿಗೆ ಬೀಳುತ್ತದೆ. ಈಚೆಗೆ ನಾನು ಕೈಗೆತ್ತಿಕೊಂಡ ಪ್ರತಿಯಲ್ಲಿ ಮೊದಲ ಇಪ್ಪತ್ತು ಪುಟಗಳ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿತ್ತು; ‘ಸಿ’ ದಾಟಿದ ಮೇಲೆ ಹಾಳೆಗಳು ಹೊಸ ಪುಸ್ತಕದ ಹಾಗೆ ಅಂಟಿಕೊಂಡೇ ಇದ್ದವು. ಅದರ ಮೊದಲ ಪದ ಅಬ್ಯಾಂಡನ್, ಅಂದರೆ ಕೈಬಿಡು.

ಪುಸ್ತಕವನ್ನು ನಡುವೆಯೇ ಕೈಬಿಟ್ಟ ತಪ್ಪು ಆ ಪ್ರತಿಯ ಹುಡುಗನದಲ್ಲ, ಅಕಾರಾದಿ ಜೋಡಣೆಯದು ಎಂಬುದು ನನ್ನ ವಾದ. 1604ರಲ್ಲಿ ರಾಬರ್ಟ್ ಕಾಡ್ರಿ ಸುಮಾರು 2,500 ಕಠಿಣ ಪದಗಳ ಇಂಗ್ಲಿಷ್ ಕೋಶವನ್ನು ಹೊರತಂದಾಗ, ‘ಎ’ಯಿಂದ ಶುರುವಾಗುವ ಪದವನ್ನು ಆರಂಭದಲ್ಲಿಯೂ ‘ವಿ’ಯದನ್ನು ಕೊನೆಯ ಕಡೆಯೂ ನೋಡಬೇಕೆಂದು ಓದುಗರಿಗೆ ಬಿಡಿಸಿ ಹೇಳಿದ್ದ. ಆ ಕ್ರಮ ಪದ ಹುಡುಕುವವನಿಗೆ. ಕಲಿಯುವವನಿಗೆ ಅದು ತೊಡಕು. ಅಬೇಟ್ ಎಂದರೆ ತಗ್ಗು, ಅಬೆಟ್ ಎಂದರೆ ಕುಮ್ಮಕ್ಕು ಕೊಡು. ಇವೆರಡನ್ನೂ ಒಂದೇ ಸಂಜೆ ಬಾಯಿಪಾಠ ಮಾಡಿದವನಿಗೆ ಮರುದಿನ ಯಾವುದು ಯಾವುದೆಂದು ತಿಳಿಯದಿದ್ದರೆ ಆಶ್ಚರ್ಯವೇನು?

ಹುಡುಕುವುದೂ ನಮಗೆ ಸಲೀಸಲ್ಲ. ನಮ್ಮ ವರ್ಣಮಾಲೆಯ ವರ್ಗಗಳು ಕಂಠದಿಂದ ತುಟಿಯವರೆಗೆ ಉಚ್ಚಾರಣೆಯ ಸ್ಥಾನವನ್ನು ಹಿಡಿದು ಸಾಗುತ್ತವೆ. ಧಾರವಾಡ ಸೀಮೆಯಲ್ಲೂ ಕೆಲಸ ಮಾಡಿದ್ದ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ, ಸುಮಾರು 70,000 ಪದಗಳ ಕೋಶದಲ್ಲಿ, ಕಿವಿಗೆ ಬಿದ್ದ ಕನ್ನಡ ಪದದ ಪುಟವನ್ನು ಬಹುಮಟ್ಟಿಗೆ ನೇರವಾಗಿ ತೆರೆಯಬಹುದು. (ನಮ್ಮ ‘ಹೊಂಟಾನ’ವನ್ನು ಮಾತ್ರ ‘ಹೊರಡು’ ಎಂದು ಹುಡುಕಬೇಕು, ಅದು ಬೇರೆ ಮಾತು.) ಇಂಗ್ಲಿಷಿನ ನೈಫ್ ‘ಕೆ’ಯಲ್ಲಿ, ಸೈಕಾಲಜಿ ‘ಪಿ’ಯಲ್ಲಿ ಅಡಗಿವೆ ಎಂಬುದು ಮೊದಲೇ ಗೊತ್ತಿದ್ದವನಿಗಷ್ಟೇ ಸಿಗುತ್ತವೆ.

ನುಡಿಗಟ್ಟುಗಳಲ್ಲಂತೂ ಕಷ್ಟ ಇನ್ನೂ ಹೆಚ್ಚು. ‘ಕಿಕ್ ದ ಬಕೆಟ್’ ಅನ್ನು ‘ಕೆ’ಯಲ್ಲಿ ಹುಡುಕಬೇಕೋ ‘ಬಿ’ಯಲ್ಲೋ? ಪದಪದವನ್ನು ಬಿಡಿಸಿ ನೋಡಿದವನಿಗೆ ಬಕೆಟ್ಟು ಒದೆಯುವುದು ಸಿಕ್ಕೀತು, ಸಾಯುವುದು ಸಿಗದು. ‘ಪುಟ್ ಆಫ್’ ಮುಂದೂಡುವುದು, ‘ಪುಟ್ ಔಟ್’ ಬೆಂಕಿ ಆರಿಸುವುದು, ‘ಪುಟ್ ಅಪ್ ವಿತ್’ ಸಹಿಸಿಕೊಳ್ಳುವುದು. ‘ಪುಟ್’ ಎಂದರೆ ಇಡು ಎಂದು ಕಂಠಪಾಠ ಮಾಡಿದ್ದು ಇಲ್ಲೆಲ್ಲೂ ನೆರವಿಗೆ ಬಾರದು. ಕೈಹಿಡಿ, ಕೈಕೊಡು, ಕೈಗೂಡು ಎಂಬವನ್ನು ನಾವೂ ‘ಕೈ’ ಪುಟದಿಂದ ಕಲಿತವರಲ್ಲ; ಮದುವೆಯ, ಮೋಸದ, ಗೆಲುವಿನ ಮಾತು ಬಂದಾಗ ಕೇಳಿ ಕಲಿತೆವು.

ಆ ಹುಡುಗನಿಗೆ ಇಂಗ್ಲಿಷ್ ಪತ್ರಿಕೆಯ ಒಂದು ಕೋರ್ಟ್ ವರದಿಯನ್ನು ಕೊಟ್ಟು, ಅದರ ಪದಗಳನ್ನಷ್ಟೇ ಬರೆದುಕೊಳ್ಳಲು ಹೇಳಿದೆ. ಅವನ ನೋಟ್‌ಬುಕ್ಕಿನಲ್ಲಿ ಈಗ ಅಬೆಟ್ ಪಕ್ಕದಲ್ಲಿ ಅಬೇಟ್ ಇಲ್ಲ. ಅಕ್ಯೂಸ್ಡ್, ಬೇಲ್, ವಿಟ್ನೆಸ್ ಇವೆ.