ಕುಬೇರರಿಗೆ ಹೆಸರಿಡುವ ಇಂಗ್ಲಿಷ್

(ಮಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಊರಿನಿಂದ. ಬ್ಯಾಂಕುಗಳು ಹುಟ್ಟಿದ ಜಿಲ್ಲೆಯೂ ಇದೇ. ದುಡ್ಡನ್ನೂ ಪದವನ್ನೂ ಒಟ್ಟಿಗಿಟ್ಟು ಮಾತಾಡಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಮೊದಲು ಲೆಕ್ಕ. ಅಸಮಾನತೆಯನ್ನು ಅಳೆಯುವ ಸಂಶೋಧನಾ ಸಂಸ್ಥೆ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಭಾರತದ ಮೇಲ್ತುದಿಯ ಶೇ. 1 ಮಂದಿಯ ಬಳಿ ದೇಶದ ಸಂಪತ್ತಿನ ಶೇ. 40.1 ಇತ್ತು. ವರಮಾನದಲ್ಲಿ ಅವರ ಪಾಲು ಶೇ. 22.6. ಈ ಎರಡನ್ನು ಬೆರೆಸಬೇಡಿ: ವರಮಾನ ವರ್ಷಕ್ಕೆ ಬರುವುದು, ಸಂಪತ್ತು ಕೂಡಿಟ್ಟದ್ದು. ಆ ಅಧ್ಯಯನದ ಶೀರ್ಷಿಕೆಯಲ್ಲೇ ‘ಬಿಲಿಯನೇರ್ ರಾಜ್’ ಎಂಬ ಜೋಡುಪದವಿದೆ. ಎಲ್ಲದಕ್ಕೂ ಸರ್ಕಾರದ ಪರವಾನಗಿ ಬೇಕೆನ್ನುವ ಆಡಳಿತವನ್ನು ರಾಜಾಜಿಯವರು ಬೈದ ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂಬ ಬೈಗುಳದ ಮರಿ ಅದು.

ಸಿರಿವಂತರಿಗೆ ಇಂಥ ಪದಗಳನ್ನು ಇಂಗ್ಲಿಷ್ ಹೇಗೆ ಕಟ್ಟುತ್ತದೆ ನೋಡೋಣ. ಮಿಲಿಯನೇರ್ ಫ್ರೆಂಚಿನಿಂದ ಬಂದ ಪದ. ಇಂಗ್ಲಿಷ್ ಅದರ ‘ಏರ್’ ಪ್ರತ್ಯಯವನ್ನು ಬಿಡಿಸಿಕೊಂಡು ಬಿಲಿಯನ್, ಟ್ರಿಲಿಯನ್‌ಗಳಿಗೆ ಹಚ್ಚಿತು. ಯಾವ ಸಂಖ್ಯೆಯೂ ಅಲ್ಲದ ‘ಝಿಲಿಯನ್’ಗೂ ಬಿಡಲಿಲ್ಲ. ನೂರು ಮಿಲಿಯನ್ ಇದ್ದವನು ಸೆಂಟಿಮಿಲಿಯನೇರ್. ಸೆಂಟಿಮೀಟರಿನಲ್ಲಿ ‘ಸೆಂಟಿ’ ಎಂದರೆ ನೂರರಲ್ಲೊಂದು ಪಾಲು. ಇಲ್ಲಿ ಮಾತ್ರ ನೂರು ಪಟ್ಟು. ಮೆಟ್ರಿಕ್ ಲೆಕ್ಕದಲ್ಲಿ ‘ಹೆಕ್ಟೋ’ ಆಗಬೇಕಿತ್ತು. ಆದರೆ ಸೆಂಚುರಿಯ ರೂಢಿ ಗೆದ್ದಿತು.

‘ಏರ್’ ಪದಗಳು ಬರೀ ಎಣಿಸುತ್ತವೆ, ಆಪಾದನೆ ಮಾಡುವುದಿಲ್ಲ. ಆಪಾದನೆಗೆ ಬೇಕಾದದ್ದು ಆಳ್ವಿಕೆ ಎಂಬ ಅರ್ಥದ ಗ್ರೀಕ್ ಮೂಲದ ‘ಕ್ರಸಿ’. ಪ್ಲೂಟೋಸ್ ಎಂದರೆ ಸಿರಿ. ಪ್ಲುಟಾಕ್ರಸಿ ಸಿರಿವಂತರ ಆಳ್ವಿಕೆ. ಕ್ಲೆಪ್ಟಾಕ್ರಸಿ ಕಳ್ಳರದು. ವಿಧಾನ ಸುಲಭ: ಮೂಲಪದದ ಕೊನೆ ಕತ್ತರಿಸಿ, ನಡುವೆ ಒಂದು ‘ಒ’ ಸ್ವರ ಸೇರಿಸಿ, ‘ಕ್ರಸಿ’ ಅಂಟಿಸಿ. ‘ಕ್ರಸಿ’ಯ ಬದಲು ‘ಕ್ರಾಟ್’ ಇಟ್ಟರೆ ಆಳುವ ವ್ಯಕ್ತಿ ಸಿಗುತ್ತಾನೆ. ಮೆರಿಟಾಕ್ರಸಿಯಲ್ಲಿ ತಲೆ ಲ್ಯಾಟಿನ್, ಬಾಲ ಗ್ರೀಕ್. ನಮ್ಮ ವೈಯಾಕರಣರಾದರೆ ಅರಿಸಮಾಸ ಎಂದು ಮೂಗು ಮುರಿಯುತ್ತಿದ್ದರು. 1958ರಲ್ಲಿ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ ಅರ್ಹರ ಆಳ್ವಿಕೆ ಎಂಬ ಅರ್ಥದ ಈ ಪದವನ್ನು ವಿಡಂಬನೆಗೆಂದೇ ಬಳಸಿದ್ದು. ಲೋಕ ಅದನ್ನು ಹೊಗಳಿಕೆ ಮಾಡಿಕೊಂಡಿತು. ಹರಡಿದವನಿಗೆ ಪದದ ಮೇಲೆ ಪಟ್ಟಾ ಇರುವುದಿಲ್ಲ.

ಈಗ ಅತಿ ಚುರುಕಾದ ವಿಧಾನ, ಬ್ಲೆಂಡಿಂಗ್; ಎಂದರೆ ಎರಡು ಪದಗಳನ್ನು ಕತ್ತರಿಸಿ ಒಂದಾಗಿ ಬೆಸೆಯುವುದು. ಇಲ್ಲಿ ಮೂರು ಸಂಗತಿ ನೋಡಬೇಕು. ಎರಡು ಪದಗಳಿಗೂ ಸಮಾನವಾದ ಧ್ವನಿ ಇದ್ದರೆ ಬೆಸುಗೆ ಗಟ್ಟಿ: ಸಿರಿ ಎಂಬ ಅರ್ಥದ ಅಫ್ಲುಯೆನ್ಸ್, ಜ್ವರದ ಹೆಸರಾದ ಇನ್‌ಫ್ಲುಯೆಂಜಾ ಎರಡರಲ್ಲೂ ‘ಫ್ಲುಯೆನ್’ ಇದೆ, ಹಾಗಾಗಿ ಅಫ್ಲುಯೆಂಜಾ. ಬಲಗಡೆಯ ಪದದ ಉಚ್ಚಾರಾಂಶಗಳ ಎಣಿಕೆ ಉಳಿದರೆ ಇನ್ನೂ ಒಳ್ಳೆಯದು: ಕೆಲವೇ ಮಂದಿಯ ಆಳ್ವಿಕೆ ಎಂಬ ಅರ್ಥದ ಆಲಿಗಾರ್ಕಿಯಲ್ಲಿ ನಾಲ್ಕು, ಗೆಳೆಯ ಎಂಬ ಅರ್ಥದ ‘ಬ್ರೋ’ ಸೇರಿದ ಬ್ರಾಲಿಗಾರ್ಕಿಯಲ್ಲೂ ನಾಲ್ಕೇ. ಅರ್ಥದ ಯಜಮಾನಿಕೆ ಸಾಮಾನ್ಯವಾಗಿ ಬಲಗಡೆಯದ್ದು, ನಮ್ಮ ತತ್ಪುರುಷದಂತೆಯೇ. ಬ್ರಾಲಿಗಾರ್ಕಿ ಒಂದು ಬಗೆಯ ಆಲಿಗಾರ್ಕಿ.

ಕೆಡುವುದು ಹೇಗೆ? ವೆಲ್ತ್, ಇನ್‌ಈಕ್ವಾಲಿಟಿ ಸೇರಿಸಿ ‘ವೆಲ್‌ಕ್ವಾಲಿಟಿ’ ಮಾಡಿ ನೋಡಿ. ನಿಷೇಧ ಹೇಳುವ ‘ಇನ್’ ನುಂಗಿಹೋಯಿತು, ಕೇಳಿದವರಿಗೆ ಬಟ್ಟೆ ಅಂಗಡಿಯ ಜಾಹೀರಾತು ಅನಿಸುತ್ತದೆ. ಇನ್ನೊಂದು ಬಗೆಯ ಕೇಡು ಅಫ್ಲುಯೆಂಜಾಕ್ಕೆ ಬಂತು. ಸಿರಿಯ ಚಟವನ್ನು ಹಂಗಿಸುವ ಪದ, 2013ರಲ್ಲಿ ಟೆಕ್ಸಾಸಿನ ನ್ಯಾಯಾಲಯದಲ್ಲಿ ಪ್ರತಿವಾದದ ಕಡೆಯ ಮನೋವಿಜ್ಞಾನಿಯ ಬಾಯಲ್ಲಿ ಕಾಯಿಲೆಯ ಹೆಸರಿನಂತೆ ಕೇಳಿಸಿತು. ಕುಡಿದು ಗಾಡಿ ಓಡಿಸಿ ನಾಲ್ವರ ಸಾವಿಗೆ ಕಾರಣನಾದ ಶ್ರೀಮಂತರ ಮನೆಯ ಹುಡುಗನಿಗೆ ಜೈಲಿನ ಬದಲು ಪ್ರೊಬೇಷನ್ ಆಯಿತು.

ಕೆಳತುದಿಗೆ ಇಂಗ್ಲಿಷ್ ಇಷ್ಟು ಉದಾರಿಯಲ್ಲ. ಪ್ರಿಕೇರಿಯಸ್, ಪ್ರೊಲಿಟೇರಿಯಟ್ ಕೂಡಿದ ‘ಪ್ರಿಕೇರಿಯಟ್’ ಒಂದು ಅಪವಾದ; ಅನಿಶ್ಚಿತ ದುಡಿಮೆಯವರ ವರ್ಗ ಅದು. 2011ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಗೈ ಸ್ಟ್ಯಾಂಡಿಂಗ್ ಅವರ ಪುಸ್ತಕದಿಂದ ಹೆಚ್ಚು ಹರಡಿತು. ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಂತೂ ಬಿಪಿಎಲ್ (ಬಡತನದ ರೇಖೆಗಿಂತ ಕೆಳಗಿನವರು), ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಎಂಬ ಮೊದಲಕ್ಷರಗಳು ಮಾತ್ರ. ಸಂಕ್ಷೇಪ ಎಷ್ಟು ಮುಚ್ಚಿಡುತ್ತದೆ ನೋಡಿ: ಇಡಬ್ಲ್ಯುಎಸ್‌ಗೆ ಕೇಂದ್ರದ ವರಮಾನ ಮಿತಿ ಕುಟುಂಬಕ್ಕೆ ವರ್ಷಕ್ಕೆ 8 ಲಕ್ಷ ರೂಪಾಯಿ! ಇದಕ್ಕಿಂತ ನಮ್ಮೂರ ‘ಪಿಗ್ಮಿ’ ವಾಸಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ 2 ಆಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಲು ಶುರುಮಾಡಿದ ಠೇವಣಿ ಅದು. ಕುಳ್ಳ ಎಂಬರ್ಥದ ಪದಕ್ಕೆ ಇಲ್ಲಿ ಅರ್ಥವಿಸ್ತಾರವಾಗಿ, ಅಂಗಡಿಯವರು ‘ಪಿಗ್ಮಿ ಕಟ್ಟು’ವಂತಾಯಿತು.

ಕೊನೆಗೆ, ಪತ್ರಿಕೆಗೆ ಅನುವಾದ ಮಾಡುವವರಿಗೆ. ಬಿಲಿಯನ್ ಎಂದರೆ 100 ಕೋಟಿ, ಟ್ರಿಲಿಯನ್ ಎಂದರೆ 1 ಲಕ್ಷ ಕೋಟಿ. ಡಾಲರಿಗೆ 80 ರೂಪಾಯಿ ಹಿಡಿದರೂ ಒಂದು ಬಿಲಿಯನ್ ಡಾಲರ್ 8,000 ಕೋಟಿ ರೂಪಾಯಿ. ಡಾಲರ್ ಬಿಲಿಯನೇರನನ್ನು ‘ಕೋಟ್ಯಧಿಪತಿ’ ಎಂದು ಬರೆದರೆ ಮಂಗಳೂರಲ್ಲಿ ಫ್ಲ್ಯಾಟ್ ಇರುವವನೂ ಅವನ ಸಾಲಿಗೇ ಬಂದು ಕೂರುತ್ತಾನೆ. ಹಳೆಯ ಬ್ರಿಟಿಷ್ ಬರಹವಾದರೆ ಇನ್ನೂ ಎಚ್ಚರ ಬೇಕು: 1974ರಲ್ಲಿ ಬ್ರಿಟಿಷ್ ಸರ್ಕಾರ ಈ ಲೆಕ್ಕವನ್ನು ಬದಲಿಸುವವರೆಗೆ ಅಲ್ಲಿನ ಬಿಲಿಯನ್ ಇಂದಿನ ಟ್ರಿಲಿಯನ್ ಆಗಿತ್ತು. ಮೊದಲು ಪ್ರಕಟವಾದ ವರ್ಷ ನೋಡಿ, ಆಮೇಲೆ ಸೊನ್ನೆ ಎಣಿಸಿ.